ಇಟ್ಟಿಗೆ ಕೊಳ್ಳುವ ಮೊದಲು ಗೂಡಿಗೆ ಹೋಗಿ ಏನು ಕೇಳಬೇಕು?

ಹಸಿರುಮನೆ
ಎಲ್ಲರಿಗೂ ನಮಸ್ಕಾರ. ದೊಡ್ಡಬಳ್ಳಾಪುರದ ಹತ್ತಿರ ಅಪ್ಪ ಬಿಟ್ಟುಹೋದ ಸೈಟಿನಲ್ಲಿ ಮನೆ ಕಟ್ಟಲು ಹೊರಟಿದ್ದೇವೆ. 1,200 ಚದರ ಅಡಿ, ಒಂದೇ ಅಂತಸ್ತು. 25,000 ಇಟ್ಟಿಗೆ ಬೇಕು ಅಂತ ಮೇಸ್ತ್ರಿ ಲೆಕ್ಕ ಕೊಟ್ಟಿದ್ದಾರೆ.

ಮೊನ್ನೆ ಎರಡು ಗೂಡು ನೋಡಿ ಬಂದೆ. ಒಂದು ಕಡೆ ನೀಲಗಿರಿ ಸೌದೆ ರಾಶಿ ಬಿದ್ದಿತ್ತು. ಪಕ್ಕದಲ್ಲೇ ಜೆಸಿಬಿ ಒಂದು ಹೊಲವನ್ನು ಆಳುದ್ದ ಅಗೆದು ಹಾಕಿತ್ತು. ಮನೆಗೆ ಬಂದ ಮೇಲೂ ಆ ಗುಂಡಿ ಕಣ್ಣ ಮುಂದಿನಿಂದ ಹೋಗಲಿಲ್ಲ. ನಮ್ಮ ಮನೆಗಾಗಿ ಇನ್ನೊಬ್ಬರ ಹೊಲ ಹಾಗಾಗುವುದು ಬೇಡ ಅನಿಸುತ್ತಿದೆ. ಆದರೆ ಸಿಮೆಂಟ್ ಬ್ಲಾಕ್ ತಂದರೆ ಅದೂ ಒಳ್ಳೆಯದಲ್ಲ ಅಂತಾರೆ. ಹತ್ತಿರದ ಗೂಡಿನಲ್ಲಿ ಕೊಂಡರೆ ಲಾರಿ ಹೊಗೆಯಾದರೂ ಕಡಿಮೆಯಾಗುತ್ತೆ ಅಂದುಕೊಂಡಿದ್ದೇನೆ. ಸರಿ ತಾನೆ? ಒಂದು ಇಟ್ಟಿಗೆ ಪರಿಸರಕ್ಕೆ ಎಷ್ಟು ಭಾರ ಅಂತ ಅಳೆಯುವುದು ಹೇಗೆ? ತಿಳಿದವರು ಹೇಳಿ.

ಅಳತೆಪಟ್ಟಿ
ಒಳ್ಳೆಯ ಪ್ರಶ್ನೆ ಮೇಡಂ. ನಾನು ಸಿವಿಲ್ ಎಂಜಿನಿಯರ್. ಲೆಕ್ಕ ಹಾಕಿಯೇ ನೋಡೋಣ.

ಇಟ್ಟಿಗೆ ಗಟ್ಟಿಯಾಗಲು ಸುಮಾರು 900ರಿಂದ 1,000 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆ ಶಾಖ ಎಷ್ಟು ಪೋಲಾಗುತ್ತದೆ ಅನ್ನುವುದು ಗೂಡಿನ ಮೇಲೆ ನಿಂತಿದೆ. ನಮ್ಮ ಕಡೆ ಜಾಸ್ತಿ ಇರುವುದು ಬಯಲಿನಲ್ಲಿ ಹಸಿ ಇಟ್ಟಿಗೆ ಪೇರಿಸಿ, ಕೆಳಗೆ ಕಿಂಡಿ ಬಿಟ್ಟು, ಸೌದೆ ತುಂಬಿ, ಹೊರಗೆ ಮಣ್ಣು ಮೆತ್ತಿ ಸುಡುವ ಗೂಡು. ಇದರಲ್ಲಿ ಒಂದು ಕಿಲೋ ಇಟ್ಟಿಗೆಗೆ 2ರಿಂದ 4 ಮೆಗಾಜೂಲ್ (ಶಾಖ ಅಳೆಯುವ ಮಾನ), ಕೆಲವು ಕಡೆ ಇನ್ನೂ ಜಾಸ್ತಿ ಶಾಖ ಬೇಕಾಗುತ್ತದೆ. ಉತ್ತರ ಭಾರತದಲ್ಲಿ ಕಾಣುವ ಚಿಮಣಿ ಗೂಡುಗಳಲ್ಲಿ ಬೆಂಕಿ ಒಂದು ಸಾಲಿನಿಂದ ಮುಂದಿನ ಸಾಲಿಗೆ ಸಾಗುತ್ತಾ ಹೋಗುತ್ತದೆ. ಅಲ್ಲಿ 1.2 ಹತ್ತಿರ ಸಾಕು. ಅದೇ ಗೂಡಿನಲ್ಲಿ ಗಾಳಿ ಅಡ್ಡಾದಿಡ್ಡಿ ಸುತ್ತಿ ಹೋಗುವಂತೆ ಇಟ್ಟಿಗೆ ಪೇರಿಸಿದರೆ ಅದು ಜಿಗ್‌ಜ್ಯಾಗ್ ಗೂಡು. ಅದರಲ್ಲಿ 1ರ ಆಸುಪಾಸು.

ಇಷ್ಟು ವ್ಯತ್ಯಾಸ ಯಾಕೆ? ಬಯಲು ಗೂಡು ಆರುವಾಗ ಅದರೊಳಗಿನ ಬಿಸಿಯೆಲ್ಲ ಆಕಾಶಕ್ಕೆ ಹೋಗುತ್ತದೆ. ಸಾಗುವ ಬೆಂಕಿಯ ಗೂಡಿನಲ್ಲಿ ಬೆಂದ ಇಟ್ಟಿಗೆ ಆರುತ್ತಾ ಒಳಗೆ ಬರುವ ಗಾಳಿಯನ್ನು ಕಾಯಿಸುತ್ತದೆ. ಹೊರಗೆ ಹೋಗುವ ಹೊಗೆ ಮುಂದಿನ ಹಸಿ ಇಟ್ಟಿಗೆಯನ್ನು ಕಾಯಿಸುತ್ತದೆ. ಒಂದೇ ಬಿಸಿ ಎರಡೆರಡು ಸಲ ದುಡಿಯುತ್ತದೆ.

ನಿಮ್ಮ 25,000 ಇಟ್ಟಿಗೆ ತಲಾ 3 ಕಿಲೋ ಅಂದರೆ 75 ಟನ್. ಒಣ ಸೌದೆಯ ಒಂದು ಕಿಲೋದಲ್ಲಿ ಸುಮಾರು 15 ಮೆಗಾಜೂಲ್ ಶಾಖ ಇರುತ್ತದೆ. ಬಯಲು ಗೂಡಿಗೆ ಕಿಲೋಗೆ 3 ಅಂತ ಹಿಡಿದರೆ 15 ಟನ್ ಸೌದೆ. ಅದೇ 1.1 ಸಾಕಾಗುವ ಗೂಡಿನಲ್ಲಿ ಐದೂವರೆ ಟನ್.

ಈಗ ಲಾರಿಯ ವಿಷಯ. 25 ಟನ್ ಹೊತ್ತ ಲಾರಿ ಲೀಟರಿಗೆ ಮೂರೂವರೆ ಕಿಲೋಮೀಟರ್ ಕೊಡುತ್ತದೆ ಅಂತಿಟ್ಟುಕೊಳ್ಳಿ. 100 ಕಿಲೋಮೀಟರ್ ದೂರದಿಂದ ತಂದು ಖಾಲಿ ವಾಪಸ್ ಹೋದರೂ 57 ಲೀಟರ್ ಡೀಸೆಲ್. ಇಟ್ಟಿಗೆಯ ಒಂದು ಕಿಲೋಗೆ ಹಂಚಿದರೆ 0.1 ಮೆಗಾಜೂಲ್ ಕೂಡ ಆಗುವುದಿಲ್ಲ. ಗೂಡು ಗೂಡಿನ ನಡುವಿನ ವ್ಯತ್ಯಾಸವೇ 2 ಮೆಗಾಜೂಲ್ ಇದೆ. ಹಾಗಾಗಿ ಹತ್ತಿರದ ಗೂಡು ಅನ್ನುವ ಒಂದೇ ಕಾರಣಕ್ಕೆ ಕೊಳ್ಳಬೇಡಿ. ಮೊದಲು ಕೇಳಬೇಕಾದ್ದು ಹೇಗೆ ಸುಡುತ್ತಾರೆ ಅಂತ.

ಹಸಿರುಮನೆ
ಲಾರಿಯ ಲೆಕ್ಕ ನೋಡಿ ದಂಗಾದೆ ಸರ್. ನಾನು ಪೂರ್ತಿ ಉಲ್ಟಾ ಅಂದುಕೊಂಡಿದ್ದೆ.

ಮಾಲೂರುಗೂಡು
ನಮ್ಮದು ಮಾಲೂರು ಸೀಮೆಯಲ್ಲಿ ಇಟ್ಟಿಗೆ ಕೊಯ್ಯುವ ಮನೆತನ. ಅಜ್ಜ ಶುರು ಮಾಡಿದ್ದು. ಅಳತೆಪಟ್ಟಿ ಸರ್ ಹೇಳಿದ ಲೆಕ್ಕ ತಪ್ಪಲ್ಲ. ಆದರೆ ಇನ್ನೊಂದು ಕಡೆಯಿಂದಲೂ ನೋಡಬೇಕು.

ನಮ್ಮ ಒಂದು ಗೂಡು 40,000 ಇಟ್ಟಿಗೆಯದು. ಕೊಯ್ದು, ಒಣಗಿಸಿ, ಪೇರಿಸಿ, ಸುಟ್ಟು, ಆರಿಸಿ ಮಾರುವಷ್ಟರಲ್ಲಿ ಎರಡು ತಿಂಗಳು ಹಿಡಿಯುತ್ತೆ. ಜಿಗ್‌ಜ್ಯಾಗ್ ಗೂಡಿಗೆ ದಿನಕ್ಕೇ ಅಷ್ಟು ಹತ್ತಿರ ಹಸಿ ಇಟ್ಟಿಗೆ ಬೇಕು, ಬೆಂಕಿ ಆರಿಸುವ ಹಾಗಿಲ್ಲ. ಅಷ್ಟು ಜಾಗ, ಅಷ್ಟು ಜನ, ಅಷ್ಟು ದುಡ್ಡು ಎರಡು ಎಕರೆಯವನ ಹತ್ತಿರ ಎಲ್ಲಿಂದ ಬರುತ್ತೆ? ಗೂಡು ಬದಲಾಯಿಸಿ ಅಂತ ಹೇಳುವುದು ಸುಲಭ. ಬದಲಾಯಿಸಲು ಆಗದೆ ಮುಚ್ಚಿದ ಮೇಲೆ ನಾವೇನು ಮಾಡಬೇಕು ಅಂತ ಯಾರೂ ಹೇಳುವುದಿಲ್ಲ.

ಇನ್ನು ಮಣ್ಣು. ಮೊದಲು ನಾವು ಬೇಸಿಗೆಯಲ್ಲಿ ಕೆರೆಯ ಗೋಡು, ಅಂದರೆ ಹೂಳು, ತರುತ್ತಿದ್ದೆವು. ಕೆರೆಗೂ ಒಳ್ಳೆಯದು, ನಮಗೂ ಒಳ್ಳೆಯದು. 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು, ನಮ್ಮ ಕೋಲಾರ ಜಿಲ್ಲೆಯ ಕೆರೆಗಳಿಗೆ ಬರತೊಡಗಿತು. ಕೆರೆ ತುಂಬಿದ್ದು ಕಂಡು ಖುಷಿಯೇ ಆಯಿತು. ಆದರೆ ಬೇಸಿಗೆಯಲ್ಲೂ ಅಂಗಳ ಒಣಗದ ಕೆರೆಯಿಂದ ಗೋಡು ತೆಗೆಯುವುದು ಹೇಗೆ? ಆಮೇಲೆ ಗೂಡಿನವರು ಹೊಲದ ಮಣ್ಣಿಗೆ ಕೈ ಹಾಕಿದರು. ನಾನೂ ಹಾಕಿದ್ದೇನೆ. ಹಸಿರುಮನೆ ಅಕ್ಕ ನೋಡಿದ ಗುಂಡಿಯಂಥದ್ದೇ ನಮ್ಮೂರಲ್ಲೂ ಇದೆ.

ರಾಗಿಹೊಲ
ಆ ಗುಂಡಿಯ ಪಕ್ಕದ ಹೊಲ ನನ್ನದು ಅಂತಲೇ ತಿಳಿಯಿರಿ. ನಮ್ಮೂರಲ್ಲಿ ಪಕ್ಕದವರು ಮಗಳ ಮದುವೆಗೆ ಅಂತ ಒಂದು ಎಕರೆಯ ಮಣ್ಣು ಮಾರಿದರು. ಮೂರು ಅಡಿ ಅಂತ ಮಾತಾಗಿತ್ತು. ಆರು ಅಡಿ ಹೋಯಿತು. ಈಗ ಮಳೆ ಬಂದರೆ ನನ್ನ ಹೊಲದ ಬದು ಕುಸಿದು ಆ ಕಡೆಗೆ ಜಾರುತ್ತದೆ. ನನ್ನ ಮೇಲ್ಮಣ್ಣೂ ಅದೇ ಗುಂಡಿಗೆ ಸೇರುತ್ತಿದೆ. ಅವರ ಹೊಲದಲ್ಲಿ ನಾಲ್ಕು ವರ್ಷವಾದರೂ ರಾಗಿ ಮೊಣಕಾಲು ದಾಟಿಲ್ಲ.

ಸೌದೆಗೆ ಲೆಕ್ಕ ಹಾಕಿದಿರಿ. ಮಣ್ಣಿಗೂ ಹಾಕಿ ಸರ್. ಸೌದೆ ಮತ್ತೆ ಬೆಳೆಯುತ್ತದೆ. ಮೇಲ್ಮಣ್ಣು ಒಂದು ಅಂಗುಲ ಆಗಬೇಕಾದರೆ ನೂರಾರು ವರ್ಷ ಬೇಕು.

ಅಳತೆಪಟ್ಟಿ
ಹಾಕುತ್ತೇನೆ. ಒಂದು ಎಕರೆಯಲ್ಲಿ ಒಂದು ಅಡಿ ಆಳ ಅಂದರೆ ಸುಮಾರು 1,230 ಘನ ಮೀಟರ್, ತೂಕ 1,900 ಟನ್ ಆಸುಪಾಸು. ಒಂದು ಇಟ್ಟಿಗೆಗೆ ಸುಮಾರು ಮೂರೂವರೆ ಕಿಲೋ ಒಣ ಮಣ್ಣು ಬೇಕು. ಅಂದರೆ ಎಕರೆಗೆ ಅಡಿಯೊಂದಕ್ಕೆ ಐದೂವರೆ ಲಕ್ಷದಷ್ಟು ಇಟ್ಟಿಗೆ. ಈ ಮೇಡಂ ಮನೆಯಂಥ 22 ಮನೆಗೆ ಒಂದು ಎಕರೆ ಒಂದು ಅಡಿ ತಗ್ಗಾಗುತ್ತದೆ. ದೇಶದಲ್ಲಿ ವರ್ಷಕ್ಕೆ 20,000 ಕೋಟಿಗೂ ಜಾಸ್ತಿ ಇಟ್ಟಿಗೆ ತಯಾರಾಗುತ್ತದೆ ಅಂತ ಅಂದಾಜು. ಚೀನಾ ಬಿಟ್ಟರೆ ನಾವೇ. ಅಷ್ಟೂ ಹೊಲದ ಮಣ್ಣಲ್ಲ, ಆದರೆ ಅದರಲ್ಲಿ ಹೊಲದ ಪಾಲು ಚಿಕ್ಕದಲ್ಲ.

ಮಣ್ಣು ತೆಗೆಯಲೇಬೇಕಾದರೆ ಮೇಲಿನ ಒಂದು ಅಡಿ ಬಗೆದು ಬೇರೆ ಕಡೆ ಗುಡ್ಡೆ ಹಾಕಬೇಕು. ಅದರ ಕೆಳಗಿನ ಮಣ್ಣು ತೆಗೆದು, ಅಂಚನ್ನು ಇಳಿಜಾರು ಮಾಡಿ, ಮೇಲ್ಮಣ್ಣನ್ನು ವಾಪಸ್ ಹರಡಬೇಕು. ಇದು ಹೊಸ ವಿದ್ಯೆಯೇನಲ್ಲ, ಒಂದು ದಿನದ ಜೆಸಿಬಿ ಬಾಡಿಗೆ ಜಾಸ್ತಿ ಅಷ್ಟೇ. ಇಟ್ಟಿಗೆ ಮಣ್ಣು ಕಾನೂನಿನಲ್ಲಿ ಉಪಖನಿಜ. ಸುಮ್ನೆ ತೆಗೆದುಕೊಂಡು ಹೋಗುವಂತಿಲ್ಲ. ಮಣ್ಣು ಮಾರುವ ರೈತರು ಆಳ ಎಷ್ಟು, ಬದುವಿನಿಂದ ದೂರ ಎಷ್ಟು ಅಂತ ಬರೆಸಿಕೊಳ್ಳುವುದು ಬಹಳ ಮುಖ್ಯ.

ಶಕ್ತಿನಗರಹುಡುಗ
ನಮ್ಮ ರಾಯಚೂರಿನಲ್ಲಿ ಬೂದಿ ಬೇಕಾದಷ್ಟಿದೆ ಸರ್. ಮಣ್ಣು ಅಗೆಯುವುದು ಯಾಕೆ? ನಾನು ಬೆಳೆದದ್ದು ಶಾಖೋತ್ಪನ್ನ ಕೇಂದ್ರದ ಪಕ್ಕದಲ್ಲಿ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಪಾಲಿಗೂ ಜಾಸ್ತಿ ಬೂದಿಯೇ. ಬೇಸಿಗೆ ಗಾಳಿಗೆ ಬೂದಿ ಎದ್ದು ಅಂಗಳದಲ್ಲಿ ಒಣಗಹಾಕಿದ ಬಟ್ಟೆ ಮೇಲೆ ಕೂರುತ್ತಿತ್ತು. ಅವ್ವ ಮತ್ತೆ ಒಗೆಯುತ್ತಿದ್ದಳು.

ಕೇಂದ್ರ ಸರ್ಕಾರ 1999ರಲ್ಲೇ ಒಂದು ಅಧಿಸೂಚನೆ ಹೊರಡಿಸಿತು. ವಿದ್ಯುತ್ ಕೇಂದ್ರದಿಂದ 50 ಕಿಲೋಮೀಟರ್ ಒಳಗಿನ ಇಟ್ಟಿಗೆಯಲ್ಲಿ ಕಾಲು ಭಾಗವಾದರೂ ಹಾರುಬೂದಿ ಇರಬೇಕು ಅಂದಿತು. 2003ರಲ್ಲಿ ಅದು 100 ಕಿಲೋಮೀಟರ್ ಆಯಿತು. 2016ರಲ್ಲಿ 300. 2021ರ ಕೊನೆಗೆ ಹೊಸ ಅಧಿಸೂಚನೆಯೇ ಬಂತು. ಬೂದಿ ಇಟ್ಟಿಗೆಯನ್ನು ಸುಡುವ ಅಗತ್ಯವೇ ಇಲ್ಲ. ಬೂದಿ, ಕಲ್ಲಿನ ಪುಡಿ, ಸಿಮೆಂಟ್ ಅಥವಾ ಸುಣ್ಣ ಜಿಪ್ಸಮ್ ಕಲಸಿ ಒತ್ತಿ, ನೀರುಣಿಸಿ ಗಟ್ಟಿ ಮಾಡುತ್ತಾರೆ. ಹಸಿರುಮನೆ ಅಕ್ಕ, ಅದನ್ನೂ ನೋಡಿ.

ಮಾಲೂರುಗೂಡು
ಬೂದಿ ಇಟ್ಟಿಗೆ ಚೆನ್ನಾಗಿಯೇ ಇದೆ ತಮ್ಮ. ನಾನು ಅದರ ವಿರೋಧಿಯಲ್ಲ. ಆದರೆ ಸರಿಯಾಗಿ ನೀರುಣಿಸದೆ ಮೂರೇ ದಿನಕ್ಕೆ ಲಾರಿ ಹತ್ತಿಸುವವರಿದ್ದಾರೆ. ಅಂಥದ್ದು ಕೈಯಲ್ಲೇ ಪುಡಿಯಾಗುತ್ತೆ. ಆಮೇಲೆ ಎರಡನೇ ಸಲ ಕಟ್ಟಬೇಕು. ಅದು ಯಾವ ಉಳಿತಾಯ?

ಅಳತೆಪಟ್ಟಿ
ಇಬ್ಬರ ಮಾತೂ ಸರಿ. ರಾಯಚೂರಿನಿಂದ ಬೆಂಗಳೂರು ಕಡೆಗೆ 400 ಕಿಲೋಮೀಟರ್ ಬೂದಿ ತಂದರೂ, ಹಿಂದಿನ ಲೆಕ್ಕದಂತೆ ಕಿಲೋಗೆ 0.3 ಮೆಗಾಜೂಲ್ ಮಾತ್ರ. ಬಯಲು ಗೂಡಿನ ಬೆಂಕಿಯ ಹತ್ತನೇ ಒಂದು ಭಾಗ. ಬೂದಿ ಇಟ್ಟಿಗೆಯಲ್ಲಿ ನೋಡಬೇಕಾದ್ದು ಸಿಮೆಂಟ್ ಎಷ್ಟು ಹಾಕಿದ್ದಾರೆ ಅಂತ. ಸಿಮೆಂಟಿನ ಮೂಲವಸ್ತುವಾದ ಕ್ಲಿಂಕರ್ ಒಂದು ಟನ್ ಮಾಡುವಾಗ 800 ಕಿಲೋಗೂ ಜಾಸ್ತಿ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸುಣ್ಣದ ಕಲ್ಲಿನಿಂದಲೇ ಬರುವುದು. ಉರುವಲು ಬದಲಾಯಿಸಿದರೂ ಅದು ತಪ್ಪುವುದಿಲ್ಲ.

ಇಲ್ಲಿ ಇನ್ನೊಂದು ದಾರಿ ಇದೆ, ಅದೂ ನಮ್ಮ ಬೆಂಗಳೂರಿನದೇ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಸ್ತ್ರ ಅಂತ ಒಂದು ಕೇಂದ್ರ ಶುರುವಾಯಿತು, ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ. ಪ್ರೊ. ಕೆ.ಎಸ್. ಜಗದೀಶ್ ಮತ್ತು ಅವರ ಜೊತೆಗಾರರು ಅಲ್ಲಿ ಒತ್ತಿದ ಮಣ್ಣಿನ ಬ್ಲಾಕ್ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಮರಳು ಜಾಸ್ತಿ ಇರುವ ಕೆಂಪು ಮಣ್ಣಿಗೆ ನೂರಕ್ಕೆ ಆರೇಳು ಪಾಲು ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಮೂರು ವಾರ ನೀರುಣಿಸಿದರೆ ಬ್ಲಾಕ್ ಸಿದ್ಧ. ಬೆಂಕಿಯೇ ಬೇಡ. ಸುಟ್ಟ ಇಟ್ಟಿಗೆ ಗೋಡೆಗೆ ತಗಲುವ ಶಕ್ತಿಯ ಮೂರನೇ ಒಂದು ಭಾಗದೊಳಗೆ ಈ ಗೋಡೆ ಏಳುತ್ತದೆ. ಬೆಂಗಳೂರಿನಲ್ಲಿ ಇಂಥ ಮನೆಗಳು ಎಷ್ಟೋ ಇವೆ.

ನಿಮ್ಮ ಪಾಯ ಮತ್ತು ಸಂಪಿನಿಂದ ಬರುವ ಮಣ್ಣು ಏನು ಮಾಡುತ್ತಿದ್ದೀರಿ ಮೇಡಂ?

ಹಸಿರುಮನೆ
ಟ್ರಾಕ್ಟರಿನವರಿಗೆ ದುಡ್ಡು ಕೊಟ್ಟು ಹೊರಗೆ ಹಾಕಿಸುವುದು ಅಂತಿತ್ತು!

ಅಳತೆಪಟ್ಟಿ
ಹಾಕಿಸಬೇಡಿ. ಒಂದು ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಆ ಮಣ್ಣು, ಉಳಿದದ್ದು ನೀರು, ಒಂದು ಚಿಟಿಕೆ ಉಪ್ಪು ಹಾಕಿ ಕುಲುಕಿ ಒಂದು ದಿನ ಬಿಡಿ. ಕೆಳಗೆ ಮರಳು ಮೂರನೇ ಎರಡು ಪಾಲು ಕೂತರೆ ಮಣ್ಣು ಆಗಬಹುದು. ಆಮೇಲೆ ಲ್ಯಾಬಿನಲ್ಲೂ ಪರೀಕ್ಷೆ ಮಾಡಿಸಿ.

ಮುರಕಲ್ಲು
ನಮ್ಮ ಕರಾವಳಿಯಲ್ಲಿ ಮನೆಗೆ ಮುರಕಲ್ಲೇ (ಜಂಬಿಟ್ಟಿಗೆ), ಹಾಗಾಗಿ ಇಟ್ಟಿಗೆ ಅನುಭವ ಕಡಿಮೆ. ಆದರೆ ಹೆಂಚು ಗೊತ್ತು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ನದಿ ದಂಡೆಯ ಜೇಡಿಮಣ್ಣು, ಕಾಡಿನ ಸೌದೆ. ಈಗ ಎಷ್ಟೋ ಕಾರ್ಖಾನೆ ಮುಚ್ಚಿವೆ. ಆದರೆ ನಮ್ಮ ಅಜ್ಜನ ಮನೆ ಬಿಚ್ಚಿದಾಗ ಇಳಿಸಿದ ಹೆಂಚು ಈಗ ನಮ್ಮ ಕೊಟ್ಟಿಗೆಯ ಮೇಲಿದೆ. ಸುಟ್ಟ ಮಣ್ಣು ಮೂರು ತಲೆಮಾರು ಬಾಳುತ್ತದೆ. ಆ ಬಾಳಿಕೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಹಳೆ ಮನೆ ಬಿಚ್ಚಿದ ಇಟ್ಟಿಗೆ ಸಿಗುವುದಿಲ್ವಾ ನಿಮ್ಮ ಕಡೆ?

ಅಳತೆಪಟ್ಟಿ
ಸಿಗುತ್ತದೆ. ಆದರೆ ಸುಣ್ಣದ ಗಾರೆಯಲ್ಲಿ ಅಥವಾ ಮಣ್ಣಿನಲ್ಲಿ ಕಟ್ಟಿದ್ದಾದರೆ ಮಾತ್ರ. ಗಾರೆ ಮೆತ್ತಗಿರುವುದರಿಂದ ಇಟ್ಟಿಗೆ ಇಡಿಯಾಗಿ ಬಿಡಿಸಿಕೊಳ್ಳುತ್ತದೆ. ಸಿಮೆಂಟ್ ಗಾರೆಯ ಗೋಡೆ ಕೆಡವಿದರೆ ಗಾರೆಗಿಂತ ಮೊದಲು ಇಟ್ಟಿಗೆಯೇ ಒಡೆಯುತ್ತದೆ. ನಾವು ಈಗ ಕಟ್ಟುವ ಮನೆಗಳ ಇಟ್ಟಿಗೆ ಮೊಮ್ಮಕ್ಕಳಿಗೆ ಸಿಗುವುದಿಲ್ಲ ಅನ್ನುವುದು ನನಗೆ ನಿಜಕ್ಕೂ ಬೇಸರದ ಸಂಗತಿ. ಒಂದು ಅಂತಸ್ತಿನ ಮನೆಗೆ 1:6 ಸಿಮೆಂಟ್ ಗಾರೆಯಲ್ಲಿ (ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು) ಸ್ವಲ್ಪ ಸುಣ್ಣ ಬೆರೆಸಿದರೂ ಕೆಲಸ ಚೆನ್ನಾಗಿ ಆಗುತ್ತದೆ.

ಶಾಲೆಗಂಟೆ
ತಡವಾಗಿ ಬರುತ್ತಿದ್ದೇನೆ, ಕ್ಷಮಿಸಿ. ನಾನು ಗೂಡುಗಳು ಜಾಸ್ತಿ ಇರುವ ಒಂದು ಹೋಬಳಿಯಲ್ಲಿ ಶಾಲೆಯ ಮೇಡಂ ಆಗಿದ್ದೇನೆ. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಒಡಿಶಾದಿಂದ, ನಮ್ಮದೇ ರಾಯಚೂರು ಯಾದಗಿರಿ ಕಡೆಯಿಂದ ಕುಟುಂಬಗಳು ಬರುತ್ತವೆ. ಗಂಡ ಮಣ್ಣು ಕಲಸುತ್ತಾನೆ, ಹೆಂಡತಿ ಅಚ್ಚಿಗೆ ಹಾಕುತ್ತಾಳೆ, ಮಕ್ಕಳು ಒಣಗಿದ ಇಟ್ಟಿಗೆ ತಿರುಗಿಸಿ ಇಡುತ್ತಾರೆ. ಕೂಲಿ ಸಾವಿರ ಇಟ್ಟಿಗೆಗೆ ಇಷ್ಟು ಅಂತ. ಊರು ಬಿಡುವ ಮೊದಲೇ ಮುಂಗಡ ತಗೊಂಡಿರುತ್ತಾರೆ. ಅದು ತೀರುವವರೆಗೆ ಹೊರಡುವ ಹಾಗಿಲ್ಲ. ಜೀತ ಪದ್ಧತಿ ರದ್ದತಿ ಕಾನೂನು 1976ರಲ್ಲೇ ಬಂದಿದೆ. ಮುಂಗಡ ಕೊಟ್ಟು ಕೆಲಸಕ್ಕೆ ಕಟ್ಟಿಹಾಕುವುದು ಅದರ ಪ್ರಕಾರ ಅಪರಾಧ.

ನನ್ನ ತರಗತಿಗೆ ಜನವರಿಯಲ್ಲಿ ಸೇರಿದ ಹುಡುಗಿ ಮೇನಲ್ಲಿ ಹೊರಟುಹೋಗುತ್ತಾಳೆ. ಕನ್ನಡ ಓದಲು ಕಲಿಯುವಷ್ಟರಲ್ಲಿ ಊರಿಗೆ ವಾಪಸ್. ನೀವು ಹೊಗೆ ಅಳೆದಿರಿ, ಮಣ್ಣು ಅಳೆದಿರಿ. ಆ ಹೊಗೆ ಮೊದಲು ಹೋಗುವುದು ಗೂಡಿನಿಂದ ಇಪ್ಪತ್ತು ಹೆಜ್ಜೆ ದೂರದ ಗುಡಿಸಿಲಿನಲ್ಲಿ ಮಲಗಿರುವ ಈ ಮಕ್ಕಳ ಎದೆಗೆ. ಗೂಡಿಗೆ ಹೋದಾಗ ಕೆಲಸದವರಿಗೆ ಕುಡಿಯುವ ನೀರು, ಶೌಚಾಲಯ ಇದೆಯಾ, ಮಕ್ಕಳು ಶಾಲೆಗೆ ಹೋಗುತ್ತಾರಾ ಅಂತ ದಯವಿಟ್ಟು ಕೇಳಿ.

ಮಾಲೂರುಗೂಡು
ಮೇಡಂ, ನೀವು ಹೇಳಿದ್ದು ನಿಜ. ನಮ್ಮಲ್ಲೂ ಮುಂಗಡ ಕೊಡುವುದಿದೆ. ಕೊಡದಿದ್ದರೆ ಬೇರೆ ಗೂಡಿಗೆ ಹೋಗುತ್ತಾರೆ ಅಂತ ಅಪ್ಪ ಹೇಳುತ್ತಿದ್ದರು. ನಾನು ಅದನ್ನು ಯಾವತ್ತೂ ಈ ಕಣ್ಣಿನಿಂದ ನೋಡಿರಲಿಲ್ಲ. ಈ ವರ್ಷ ಮೂರು ಮಕ್ಕಳನ್ನು ಶಾಲೆಗೆ ಹಾಕಿಸಿದ್ದೇವೆ. ಸಾಲದು, ಗೊತ್ತು.

ರಾಗಿಹೊಲ
ಹೊಗೆಯ ಮಾತು ಬಂತಲ್ಲ, ಮಾವಿನ ತೋಟದವರೂ ಇದನ್ನು ಓದಲಿ. ಗೂಡಿನ ಹೊಗೆಗೆ ಕಾಯಿಯ ತುದಿ ಕಪ್ಪಾಗುವ ರೋಗ ಉತ್ತರ ಪ್ರದೇಶ, ಬಿಹಾರದ ಕಡೆ ಹಳೆಯ ಕಾಟ. ನಮ್ಮ ಶ್ರೀನಿವಾಸಪುರದ ಕಡೆ ತೋಟಕ್ಕೆ ಹತ್ತಿರ ಗೂಡು ಹಾಕುವವರು ಇದನ್ನು ಯೋಚನೆ ಮಾಡಬೇಕು.

ಅಳತೆಪಟ್ಟಿ
2022ರ ಫೆಬ್ರವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಗೂಡುಗಳಿಗೆ ಹೊಸ ನಿಯಮ ತಂದಿದೆ. ಹೊಸ ಗೂಡು ಜನವಸತಿ ಮತ್ತು ಹಣ್ಣಿನ ತೋಟದಿಂದ 800 ಮೀಟರ್ ದೂರ ಇರಬೇಕು. ಟೈರು, ಪ್ಲಾಸ್ಟಿಕ್, ಪೆಟ್‌ಕೋಕ್ (ಕಚ್ಚಾ ತೈಲ ಶುದ್ಧೀಕರಣದಲ್ಲಿ ಉಳಿಯುವ ಇದ್ದಿಲು), ಅಪಾಯಕಾರಿ ಕಸ ಸುಡುವಂತಿಲ್ಲ. ಗೂಡಿನ ಪಕ್ಕ ಹಳೆ ಟೈರು ಕಂಡರೆ ಅಲ್ಲಿಂದ ವಾಪಸ್ ಬಂದುಬಿಡಿ.

ಮಾಲೂರಿನ ಅಣ್ಣನಿಗೆ ಒಂದು ಮಾತು. ದೊಡ್ಡ ದುಡ್ಡಿಲ್ಲದೆಯೂ ಸ್ವಲ್ಪ ದೂರ ಹೋಗಬಹುದು. ಬಾಂಗ್ಲಾದೇಶದಲ್ಲಿ ಇನ್ನೂರಕ್ಕೂ ಹೆಚ್ಚು ಜಿಗ್‌ಜ್ಯಾಗ್ ಗೂಡುಗಳಲ್ಲಿ ಮಾಡಿದ ಒಂದು ಅಧ್ಯಯನ 2025ರಲ್ಲಿ ಹೊರಬಂತು. ಗೂಡು ಹೊಸದಾಗಿ ಕಟ್ಟಲಿಲ್ಲ. ಗಾಳಿ ಸರಿಯಾಗಿ ಹರಿಯುವಂತೆ ಪೇರಿಸುವುದು, ಉರುವಲನ್ನು ಒಮ್ಮೆಲೇ ಸುರಿಯದೆ ಸ್ವಲ್ಪ ಸ್ವಲ್ಪವೇ ಹಾಕುತ್ತಿರುವುದು, ಇಷ್ಟನ್ನು ಕಲಿಸಿದರು. ಅದನ್ನು ಪಾಲಿಸಿದ ಗೂಡುಗಳಲ್ಲಿ ಉರುವಲು ನೂರಕ್ಕೆ ಇಪ್ಪತ್ತರಷ್ಟು ಇಳಿಯಿತು, ಇಟ್ಟಿಗೆಯ ಗುಣವೂ ಹೆಚ್ಚಿತು. ನಿಮ್ಮದು ಬೇರೆ ಗೂಡು, ನಿಜ. ಆದರೆ ಮೂರು ಕೆಲಸ ನೀವೂ ಮಾಡಬಹುದು. ಹಸಿ ಇಟ್ಟಿಗೆ ಪೂರ್ತಿ ಒಣಗಿದ ಮೇಲೇ ಪೇರಿಸಿ. ಒಳಗೆ ಉಳಿದ ನೀರನ್ನು ಆವಿ ಮಾಡಲು ಸೌದೆ ಸುಮ್ನೆ ಖರ್ಚಾಗುತ್ತದೆ. ಹೊರ ಗೋಡೆಗೆ ಮಣ್ಣು ದಪ್ಪಗೆ ಮೆತ್ತಿ, ಬಿರುಕು ಬಿಟ್ಟರೆ ತಕ್ಷಣ ಮುಚ್ಚಿ. ಮತ್ತೆ ಮಣ್ಣು ಕಲಸುವಾಗಲೇ ಸ್ವಲ್ಪ ಭತ್ತದ ಅಥವಾ ಕಾಫಿ ಹೊಟ್ಟು ಬೆರೆಸಿ. ಅದು ಇಟ್ಟಿಗೆಯ ಒಳಗೇ ಉರಿಯುತ್ತದೆ. ನಡುವಿನ ಇಟ್ಟಿಗೆಯೂ ಹದವಾಗಿ ಬೇಯುತ್ತದೆ, ತೂಕವೂ ಇಳಿಯುತ್ತದೆ. ಜಾಸ್ತಿ ಹಾಕಿದರೆ ಇಟ್ಟಿಗೆ ಸೊರಗುತ್ತದೆ, ಸ್ವಲ್ಪದಿಂದ ಶುರು ಮಾಡಿ.

ಮಾಲೂರುಗೂಡು
ಹೊಟ್ಟು ಬೆರೆಸುವುದನ್ನು ಈ ಸಲದ ಗೂಡಿಗೆ ಮಾಡಿ ನೋಡುತ್ತೇನೆ. ನಮಗೆ ಹೇಗೂ ಸೌದೆ ಸಿಗುವುದು ಕಷ್ಟವಾಗುತ್ತಿದೆ. 2017ರಿಂದ ಹೊಸ ನೀಲಗಿರಿ ನೆಡುವ ಹಾಗಿಲ್ಲ. ಅಂತರ್ಜಲ ಪಾತಾಳ ಸೇರಿದ ಜಿಲ್ಲೆಗೆ ಅದು ಆಗಬೇಕಾದ್ದೇ.

ಹಸಿರುಮನೆ
ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ. ಬಾಟಲಿ ಪರೀಕ್ಷೆ ಮಾಡಿದೆ, ಮರಳು ಚೆನ್ನಾಗಿ ಕೂತಿತು. ಲ್ಯಾಬಿನವರೂ ಆಗಬಹುದು ಅಂದರು. ಪಾಯ ಮತ್ತು ಸಂಪಿನ ಮಣ್ಣಿನಿಂದಲೇ ಮಣ್ಣಿನ ಬ್ಲಾಕ್ ಒತ್ತಿಸುತ್ತಿದ್ದೇವೆ. ಮೇಲಿನ ಅರ್ಧ ಅಡಿ ಮಣ್ಣು ಹಿತ್ತಲಿಗೆ ಹಾಕಿದೆ, ನುಗ್ಗೆ ನೆಡಬೇಕು. ಮೇಸ್ತ್ರಿ ಮೊದಲು ಒಪ್ಪಲಿಲ್ಲ. ಒಂದು ಬ್ಲಾಕನ್ನು ಒಂದು ದಿನ ನೀರಿನಲ್ಲಿ ಮುಳುಗಿಸಿಟ್ಟು ಅವರ ಕೈಗೇ ಕೊಟ್ಟೆ. ಕರಗಿರಲಿಲ್ಲ. ಈಗ ಅವರೇ ನಿಂತು ಒತ್ತಿಸುತ್ತಾರೆ.

ಸುಟ್ಟ ಇಟ್ಟಿಗೆ ಪೂರ್ತಿ ಬಿಟ್ಟಿಲ್ಲ. ನೆಲಕ್ಕೆ ತಾಗುವ ಕಡೆ, ಬಚ್ಚಲು, ಕಾಂಪೌಂಡಿಗೆ ಅದೇ ಬೇಕು. ಕಾಂಪೌಂಡನ್ನು ವಾಸ್ತುಶಿಲ್ಪಿ ಲಾರಿ ಬೇಕರ್ ಬಳಕೆಗೆ ತಂದ ರ್ಯಾಟ್ ಟ್ರ್ಯಾಪ್ ಬಾಂಡ್‌ನಲ್ಲಿ ಕಟ್ಟಿಸುತ್ತೇವೆ. ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಟೊಳ್ಳು ಬಿಡುವುದರಿಂದ ಕಾಲು ಭಾಗದಷ್ಟು ಇಟ್ಟಿಗೆ ಉಳಿತಾಯವಾಗುತ್ತದೆ. 25,000 ಇದ್ದದ್ದು 9,000ಕ್ಕೆ ಬಂತು. ಮಾಲೂರಿನ ಅಣ್ಣ, ನಿಮ್ಮ ಗೂಡು ಸುಟ್ಟಾಯಿತಾ?

ಮಾಲೂರುಗೂಡು
ಆಯಿತು ಅಕ್ಕ, ಹೋದ ವಾರ ಬಿಚ್ಚಿದೆವು. 40,000 ಇಟ್ಟಿಗೆಗೆ ಯಾವಾಗಲೂ ಎಂಟು ಟ್ರಾಕ್ಟರ್ ಸೌದೆ ಹಿಡಿಯುತ್ತಿತ್ತು. ಈ ಸಲ ಆರೂವರೆ. ಅಂಚಿನ ಅರೆಬೆಂದ ಇಟ್ಟಿಗೆಯೂ ಕಡಿಮೆ ಬಿತ್ತು. ಎರಡು ಇಟ್ಟಿಗೆ ತಟ್ಟಿದರೆ ಕಂಚಿನ ಸದ್ದು.

ಅಳತೆಪಟ್ಟಿ
ಬಹಳ ಸಂತೋಷ. ಹೊಟ್ಟು ಎಷ್ಟು ಹಾಕಿದಿರಿ ಅಣ್ಣ? ಅದನ್ನೂ ಉರುವಲು ಅಂತಲೇ ಲೆಕ್ಕ ಹಿಡಿಯಬೇಕು.

ಮಾಲೂರುಗೂಡು
ಎರಡು ಟನ್ ಮೇಲೆ ಸ್ವಲ್ಪ. ಒಂದು ಟ್ರಾಕ್ಟರ್ ಸೌದೆ ನಮ್ಮಲ್ಲಿ ಮೂರು ಟನ್ ಬರುತ್ತೆ.

ಅಳತೆಪಟ್ಟಿ
ಹಾಗಾದರೆ ಉಳಿತಾಯವಾದ ಸೌದೆ ನಾಲ್ಕೂವರೆ ಟನ್. ಅದರಲ್ಲಿ ಅರ್ಧದಷ್ಟು ಹೊಟ್ಟಿನ ಶಾಖವೇ ತುಂಬಿಕೊಟ್ಟಿದೆ. ನಿಜವಾದ ಉಳಿತಾಯ ಹತ್ತರಲ್ಲಿ ಒಂದು ಪಾಲು. ಮೊದಲ ಪ್ರಯತ್ನಕ್ಕೆ ಇದು ದೊಡ್ಡದು. ಮೂರು ಇಟ್ಟಿಗೆ ತೂಕ ಮಾಡಿ, ಒಂದು ದಿನ ನೀರಿನಲ್ಲಿ ಮುಳುಗಿಸಿ ಮತ್ತೆ ತೂಕ ಮಾಡಿ. 3 ಕಿಲೋ ಇಟ್ಟಿಗೆ 600 ಗ್ರಾಂಗಿಂತ ಜಾಸ್ತಿ ನೀರು ಕುಡಿಯಬಾರದು.

ಮಾಲೂರುಗೂಡು
ನಿನ್ನೆ ರಾತ್ರಿ ನೆನೆಹಾಕಿದ್ದೆ, ಈಗ ತೂಗಿದೆ. 430, 460, 510 ಗ್ರಾಂ. ಹಸಿರುಮನೆ ಅಕ್ಕ, ಕೊನೆಯ ಕೆರೆಗೋಡಿನ ಮಣ್ಣಿನದು 9,000 ಬೇರೆ ತೆಗೆದಿಟ್ಟಿದ್ದೇನೆ. ಲಾರಿ ಯಾವಾಗ ಕಳಿಸುತ್ತೀರಿ ಹೇಳಿ.